ಗುಡಿಯಲ್ಲಿದ್ದೂ ಕಳುವಾದ ರಾಮಣ್ಣ

೧೯೪೩ನೇ ಇಸವಿ ಮಾರ್ಚ್ ೯, ಮಂಗಳವಾರ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗಂಗಾವತಿ ಪೊಲೀಸ್ ಠಾಣೆಯ ಮೆಟ್ಟಿಲನ್ನು ಇಬ್ಬರು ಹತ್ತಿದರು. ಮುಂದೆ ಎಪ್ಪತ್ತು ದಾಟಿದ ಮುದುಕಿ, ಹಿಂದೆ ತಲೆ ತಗ್ಗಿಸಿಕೊಂಡ ನಡುವಯಸ್ಸಿನ ಗಂಡಸು. ಮುದುಕಿ ನೇರವಾಗಿ ಅಮೀನರ ಮೇಜಿನ ಮುಂದೆ ಬಂದು ನಿಂತಳು. ನಿಜಾಮರ ಸೀಮೆಯಲ್ಲಿ ಠಾಣೆಯ ಇನ್ಸ್‌ಪೆಕ್ಟರನನ್ನು ಅಮೀನ ಎಂದು ಕರೆಯುವುದು ರೂಢಿ. ಆಗ ಗಂಗಾವತಿಯಲ್ಲಿ ಅಮೀನನಾಗಿದ್ದವನು ಯಲಬುರ್ಗಾದ ಹುಚ್ಚೀರಪ್ಪ.

"ಕುಂದ್ರು ಯವ್ವಾ. ಏನಾತು?"

"ಕಳುವಾಗೈತ್ರಿ."

"ಏನು ಕಳುವಾಗೈತಿ?"

"ನಮ್ಮ ರಾಮಣ್ಣನ ತಲಿ."

"ಎಲ್ಲಿತ್ತದು?"

"ಕುಮ್ಮಟದುರ್ಗದ ಮ್ಯಾಲ, ಗುಡ್ಯಾಗ."

"ಈಗ ಗುಡ್ಯಾಗ ಏನೈತಿ?"

"ತಲಿ ಐತ್ರಿ."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಜಮಾದಾರ ದುರುಗಪ್ಪನಿಗೆ ಕೆಮ್ಮು ಬಂತು. ಹುಚ್ಚೀರಪ್ಪ ನಗಲಿಲ್ಲ. ಎದುರಿಗೆ ಕೂತವರು ಸುಳ್ಳು ಹೇಳುವಾಗ ಅವನಿಗೆ ಬೇಗ ತಿಳಿಯುತ್ತಿತ್ತು. ಈ ಮುದುಕಿಯ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ.

"ಮತ್ತ ಕಳುವಾಗಿದ್ದು ಯಾವುದು?"

"ಅಲ್ಲಿರೋದು ನಮ್ಮ ರಾಮಣ್ಣ ಅಲ್ರೀ. ಯಾರೋ ಬ್ಯಾರೇದವ ಬಂದು ಕುಂತಾನ."

ಮುದುಕಿಯ ಹೆಸರು ಹೊಳಿಯಮ್ಮ. ಜೊತೆಗಿದ್ದವನು ಅವಳ ತಮ್ಮನ ಮಗ ಗಿಡ್ಡಪ್ಪ, ಆ ಗುಡಿಯ ಪೂಜಾರಿ. ಇಬ್ಬರೂ ದುರ್ಗದ ಬುಡದಲ್ಲಿರುವ ದುರ್ಗದಕೇರಿಯವರು. ಆರುನೂರು ವರ್ಷಗಳ ಹಿಂದೆ ಕುಮ್ಮಟ ಒಂದು ರಾಜ್ಯದ ರಾಜಧಾನಿ. ಅಲ್ಲಿನ ರಾಜಕುಮಾರ ಕುಮಾರರಾಮ, ಊರವರ ಬಾಯಲ್ಲಿ ರಾಮಣ್ಣ, ದಿಲ್ಲಿಯ ದಂಡಿನ ಎದುರು ಕಾದಾಡಿ ಸತ್ತ. ಅವನ ತಲೆಯನ್ನು ಕಡಿದು ದಿಲ್ಲಿಗೆ ಒಯ್ದರು, ಅಲ್ಲಿಂದ ಅದು ತಾನಾಗಿ ಮರಳಿ ಬಂತು ಎಂದು ದುರ್ಗದಕೇರಿಯವರು ನಂಬುತ್ತಾರೆ. ಕೋಟೆ ಬಿದ್ದುಹೋದರೂ ಮರದಲ್ಲಿ ಕೆತ್ತಿ ಬಣ್ಣ ಬಳಿದ ಅವನ ತಲೆಗೆ ಪೂಜೆ ತಪ್ಪಿರಲಿಲ್ಲ. ಪ್ರತಿ ಸೋಮವಾರ ಸಂಜೆ ಅದಕ್ಕೆ ಎಣ್ಣೆ ತಿಕ್ಕುವುದು ಹೊಳಿಯಮ್ಮನ ಮನೆತನದ ಹೆಣ್ಣುಮಕ್ಕಳ ಪಾಲಿನ ಸೇವೆ.

"ಬ್ಯಾರೇದವ ಅಂತ ಹೆಂಗ ಗೊತ್ತಾತು?"

ಹೊಳಿಯಮ್ಮ ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ಎಡಗಿವಿ ಹಿಂದ ಒಂದು ತಗ್ಗೈತ್ರಿ, ಈ ಬೆರಳು ಕುಂದ್ರುವಷ್ಟು. ನಮ್ಮವ್ವ, ಆಕೀ ಅತ್ತಿ, ಆಕೀ ಹಿಂದಿನಾಕಿ, ಎಲ್ಲಾರೂ ಎಣ್ಣಿ ತಿಕ್ಕಿ ತಿಕ್ಕಿ ಬಿದ್ದ ತಗ್ಗದು. ಈಗಿರೋ ತಲಿಗೂ ತಗ್ಗೈತಿ. ಆದ್ರ ಅದು ಕೊರದ ತಗ್ಗು. ತಿಕ್ಕಿದ ತಗ್ಗಲ್ಲ."

"ಹೋದ ಸೋಮವಾರ?"

"ಅವನ ಇದ್ದ. ನಿನ್ನೆ ಹೋದಾಗ ಇವ ಕುಂತಿದ್ದ."

ಹುಚ್ಚೀರಪ್ಪ ಗಿಡ್ಡಪ್ಪನ ಕಡೆ ತಿರುಗಿದ. "ಕೀಲಿ ಯಾರ ಕಡೆ ಇರ್ತೈತಿ?"

"ನನ್ನ ಕಡೆ ಸಾಹೇಬ್ರ. ಅದಕ್ಕ ಮಂದಿ ನನ್ನ ಮ್ಯಾಲ ಬಿದ್ದಾರ. ಹೋದ ಮಳಿಗಾಲದಾಗ ಹೊಸಪ್ಯಾಟಿಯಿಂದ ಹಳೇ ಸಾಮಾನು ಕೊಳ್ಳಾಂವ ಒಬ್ಬ ಬಂದು ತಲಿ ಕೇಳಿದ್ದ. ಕೊಡಂಗಿಲ್ಲ ಅಂದು ಕಳಿಸಿದ್ದೆ. ಈಗ ನಾನ ಮಾರಿಕೊಂಡೀನಿ ಅಂತಾರ. ರಾತ್ರಿಯಿಂದ ನಮ್ಮ ಮನಿಗೆ ಯಾರೂ ಬೆಂಕಿ ಕೊಟ್ಟಿಲ್ರಿ, ನೀರು ಕೊಟ್ಟಿಲ್ರಿ."

ಅಷ್ಟೇ ಆಗಿದ್ದರೆ ಅವಸರವಿರಲಿಲ್ಲ. ಆದರೆ ಇನ್ನು ಹನ್ನೆರಡೇ ದಿನಕ್ಕೆ ಬರುವ ಹೋಳಿ ಹುಣ್ಣಿಮೆಗೆ ರಾಮಣ್ಣನನ್ನು ದುರ್ಗದಿಂದ ಇಳಿಸಿ ಮೆರೆಸುವ ಪದ್ಧತಿ. ಅವತ್ತು ಪಕ್ಕದ ಊರಿನವರೂ ಬಂದು ಹೆಗಲು ಕೊಡುತ್ತಾರೆ. ಹೆಗಲು ಕೊಡುವ ಸರದಿಗಾಗಿ ಹಿಂದೊಮ್ಮೆ ಎರಡೂ ಊರಿಗೆ ಬಡಿದಾಟವಾಗಿ ಹೆಣ ಬಿದ್ದಿದ್ದು ಠಾಣೆಯ ಹಳೆಯ ದಫ್ತರದಲ್ಲಿತ್ತು. ಹೆಗಲ ಮೇಲಿರುವುದು ನಕಲಿ ಎಂದು ಅವತ್ತು ಗೊತ್ತಾದರೆ ಬಡಿಗೆ ಕೊಡಲಿ ಹೊರಗೆ ಬರುತ್ತವೆ.

"ದುರುಗಪ್ಪ, ಎಫ್‌ಐಆರ್ ಬರಿ."

"ಏನಂತ ಬರೀಲಿ ಸಾಹೇಬ್ರ? ಸಾಮಾನು ಜಾಗದಾಗ ಐತಿ."

"ಬದಲಿ ಇಟ್ಟು ಕಳವು ಅಂತ ಬರಿ."

ಮಧ್ಯಾಹ್ನದ ಹೊತ್ತಿಗೆ ಅವರು ದುರ್ಗದಕೇರಿ ಮುಟ್ಟಿದರು. ಚಾವಡಿಯಲ್ಲಿ ನೀರು ಕುಡಿದು, ಊರಿನ ಹಿರಿಯ ಮುದಿಯಪ್ಪನನ್ನೂ ಬಡಿಗೇರ ಕಾಳಪ್ಪನನ್ನೂ ಪಂಚರೆಂದು ಕರೆದುಕೊಂಡು ದುರ್ಗ ಹತ್ತಿದರು. ಬಿದ್ದ ಅಗಸೆಬಾಗಿಲು, ಅರ್ಧ ಹೂತ ಒರಳು, ಒಣಗಿದ ಹೊಂಡ, ಕಾಡುಗಿಡ ಬೆಳೆದ ಅರಮನೆ ಕಟ್ಟೆ. ಹುಚ್ಚೀರಪ್ಪನಿಗೆ ಇವು ಹೊಸವಲ್ಲ. ಅವನ ಯಲಬುರ್ಗಾವೂ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯೇ. ಅಲ್ಲಿನ ಗುಡಿಯ ಬಿದ್ದ ಕಲ್ಲಿನ ಮೇಲೆ ಅವನ ತಾಯಿ ಬೆಲ್ಲ ಕುಟ್ಟುತ್ತಿದ್ದಳು. ಅರಸರು ಹೋದ ಮೇಲೆ ರಾಜಧಾನಿಯಲ್ಲಿ ಉಳಿಯುವುದು ಬೆಲ್ಲ ಕುಟ್ಟುವವರು, ಎಣ್ಣೆ ತಿಕ್ಕುವವರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗುಡಿ ಎಂದರೆ ಒಂದೇ ಒಂದು ಕಲ್ಲಿನ ಕೋಣೆ, ಬಗ್ಗಿ ಒಳಗೆ ಹೋಗುವಷ್ಟು ಬಾಗಿಲು. ಬೀಗ ಸರಿಯಿತ್ತು, ಕೊಂಡಿ ಸರಿಯಿತ್ತು. ಒಳಗೆ ಕೆಂಪು ಮುಖ, ತಿರುವಿದ ಕರಿ ಮೀಸೆ, ಅಗಲ ಕಣ್ಣಿನ ತಲೆ ಕಟ್ಟೆಯ ಮೇಲೆ ಕೂತಿತ್ತು. ಹಿಂದಿನ ಬಡಿದಾಟದಲ್ಲಿ ಕೆನ್ನೆಗೆ ಬಿದ್ದ ಗಾಯವೂ ಇತ್ತು. ಮುದಿಯಪ್ಪ ಕೈ ಮುಗಿದು, "ಇವನ ಅಲ್ಲೇನ್ರಿ ರಾಮಣ್ಣ? ಈ ಮುದುಕಿಗೆ ವಯಸ್ಸಾತು" ಎಂದ.

ಹುಚ್ಚೀರಪ್ಪ ತಲೆಯನ್ನು ಮೆಲ್ಲಗೆ ಮಗ್ಗುಲಾಗಿಸಿ ಕತ್ತಿನ ಕೆಳಭಾಗವನ್ನು ಚಾಕುವಿನಿಂದ ಕೆರೆದ. ಮಸಿಯ ಕೆಳಗೆ ಹಸಿ ಮರ ಹೊರಬಿತ್ತು.

"ಹೊಳಿಯಮ್ಮ, ನಿಮ್ಮ ರಾಮಣ್ಣ ಯಾವ ಕಟಗಿ?"

"ಸಾಗವಾನಿ."

ಅವನು ಬಾಗಿಲಿಗೆ ಬಂದ. ಅದಕ್ಕೆ ಕಬ್ಬಿಣದ ಕೀಲುಗಳಿರಲಿಲ್ಲ. ಹಳೆಯ ಕಾಲದ ರೀತಿಯಲ್ಲಿ ಬಾಗಿಲ ಅಂಚಿನ ಗೂಟಗಳು ಮೇಲೆ ಕೆಳಗೆ ಕಲ್ಲಿನ ಕುಳಿಯೊಳಗೆ ಕೂತು ತಿರುಗುತ್ತಿದ್ದವು. ಮೇಲಿನ ಕುಳಿಗೆ ಒಂದು ಬೆಣೆ ಬಡಿದಿತ್ತು. ಅದಕ್ಕೂ ಮಸಿ ಬಳಿದಿದ್ದರು. ಆದರೆ ಸುತ್ತಲಿನ ಕಟ್ಟಿಗೆಯಂತೆ ಅದಕ್ಕೆ ಹುಳ ಹಿಡಿದಿರಲಿಲ್ಲ. ಗಿಡ್ಡಪ್ಪನಿಂದ ಮತ್ತೆ ಬೀಗ ಹಾಕಿಸಿ, ಬೆಣೆ ಕಿತ್ತು ಬಾಗಿಲನ್ನು ಎತ್ತಿದ. ಬೀಗ ಹಾಕಿದಂತೆಯೇ ಇಡೀ ಬಾಗಿಲು ಒಂದು ಕಡೆಯಿಂದ ತೆರೆದುಕೊಂಡಿತು.

ಬೆಣೆಯನ್ನು ಬಡಿಗೇರ ಕಾಳಪ್ಪನ ಕೈಗೆ ಕೊಟ್ಟು ಕೇಳಿದ. "ಇದ್ಯಾವ ಕಟಗಿ?"

ಕಾಳಪ್ಪ ಒಂದು ಕ್ಷಣವೂ ತಡೆಯಲಿಲ್ಲ. "ಬೇವ್ರಿ."

"ಆ ತಲಿ?"

"ಅದೂ ಬೇವ್ರಿ."

ಪಂಚನಾಮೆ ಮುಗಿಯಿತು. ಬೇವಿನ ತಲೆಯನ್ನೂ ಬೆಣೆಯನ್ನೂ ಜಪ್ತಿ ಮಾಡಿದರು. ಪಂಚರಿಬ್ಬರೂ ಸಹಿ ಹಾಕಿದರು. ಹುಚ್ಚೀರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ಕೀಲಿ ಇದ್ದಾಂವ ಬಾಗಿಲ ಎತ್ತಂಗಿಲ್ಲ. ಗಿಡ್ಡಪ್ಪನ ಕೆಲಸ ಅಲ್ಲ ಇದು. ಇವತ್ತ ಅವರ ಮನಿಗೆ ಬೆಂಕಿ ನೀರು ಸುರು ಆಗಬೇಕು. ಹುಣ್ಣಿಮಿಗೆ ನಿಮ್ಮ ರಾಮಣ್ಣನ್ನ ನಾ ತರ್ತೀನಿ."

ಗಿಡ್ಡಪ್ಪ ಅಲ್ಲೇ ಕಲ್ಲಿನ ಮೇಲೆ ಕೂತು ರುಮಾಲಿನಿಂದ ಮುಖ ಒರೆಸಿಕೊಂಡ.

ಕೆಳಗಿಳಿಯುವಾಗ ದುರುಗಪ್ಪ ಕೇಳಿದ. "ಹೊಸಪ್ಯಾಟಿಯವನ್ನ ಹಿಡಿಯೂಣೇನ್ರಿ?"

"ಮಾರಾಕ ಕದ್ದಾಂವ ಕದ್ದು ಓಡ್ತಾನ. ಗಾಯ ಸೈತ ಬಿಡದ ಕೆತ್ತಿ ಬದಲಿ ಇಡಂಗಿಲ್ಲ. ಇದನ್ನ ಮಾಡಿದಾಂವಗ ಗುಡಿ ಖಾಲಿ ಬಿಡಾಕ ಮನಸ್ಸು ಬಂದಿಲ್ಲ. ಮೊದಲು ಬಣ್ಣ ಎಲ್ಲಿದು ನೋಡು."

ಮಾರನೆಯ ದಿನ ದುರುಗಪ್ಪ ನಕಲಿ ತಲೆಯಿಂದ ಎಬ್ಬಿಸಿದ ಬಣ್ಣದ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಕಿನ್ನಾಳಕ್ಕೆ ಹೋದ. ಮರದ ದೇವರಿಗೆ, ಗೊಂಬೆಗೆ ಬಣ್ಣ ಹಾಕುವ ಚಿತ್ರಗಾರರ ಊರದು. ಗುರುವಾರ ಸಂಜೆ ಬಂದು ವರದಿ ಹೇಳಿದ. "ನಮ್ಮದಲ್ಲ ಅಂತಾರ್ರಿ. ಅವರು ಬಣ್ಣ ಮನ್ಯಾಗ ಅರೀತಾರ. ಇದು ಅಂಗಡ್ಯಾಗಿನ ಡಬ್ಬಿ ಬಣ್ಣ."

೧೨ನೇ ತಾರೀಖು, ಶುಕ್ರವಾರ. ಗಂಗಾವತಿ ಪೇಟೆಯಲ್ಲಿ ಡಬ್ಬಿ ಬಣ್ಣ ಮಾರುವ ಅಂಗಡಿ ಒಂದೇ ಇತ್ತು. ಗಂಡ ತೀರಿದ ಮೇಲೆ ಹಜರತಬೀ ಎಂಬಾಕೆ ಅದನ್ನು ನಡೆಸುತ್ತಿದ್ದಳು. ಅಮೀನರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಕೆಂಪು ಬಣ್ಣ ಐತೇನಮ್ಮಾ?"

"ಎಲ್ಲಿ ಸಾಬ್! ಲಡಾಯಿ ಸುರು ಆದಾಗಿಂದ ಜರ್ಮನಿ ಮಾಲು ಬಂದ್ ಆಗೈತಿ. ಒಂದು ಡಬ್ಬಿ ಉಳಿದಿತ್ತು. ಅದೂ ಹೋತು."

"ಯಾರು ಒಯ್ದ್ರು?"

"ಒಬ್ಬ ಬಡಿಗ್ಯಾ. ಹೆಸರು ಕೇಳಲಿಲ್ಲ. ರೊಕ್ಕ ಇಲ್ಲ ಅಂದ. ಮೊಮ್ಮಗಳ ತೊಟ್ಟಿಲಿಗೆ ಗಿಳಿ ಮಾಡಿ ಕೊಡ್ತೀನಿ ಅಂದ. ನಾ ನಂಬಿ ಡಬ್ಬಿ ಕೊಟ್ಟೆ. ಎಂಟು ದಿನಕ್ಕ ತಂದು ಕೊಟ್ಟಾನ್ರಿ, ಎಂಥಾ ಗಿಳಿ ಅಂತೀರಿ!"

ಅಂಗಡಿಯ ಹಿಂದಿನ ಕೋಣೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಅದರ ನಾಲ್ಕೂ ಮೂಲೆಗೆ ಮರದ ಗಿಳಿಗಳು. ಹಾರಲು ರೆಕ್ಕೆ ಬಿಚ್ಚಿ, ಯಾರೋ ಕರೆದಂತೆ ಕತ್ತು ಹಿಂದಕ್ಕೆ ತಿರುಗಿಸಿದ್ದವು. ದುರುಗಪ್ಪ ಒಂದನ್ನು ಕೈಯಲ್ಲಿ ಹಿಡಿದು ನೋಡಿದ.

"ಸಾಹೇಬ್ರ, ಇಂಥವ ಗಿಳಿ ದುರ್ಗದಕೇರಿ ಚಾವಡಿ ಕಂಬದ ಮ್ಯಾಲ ಅದಾವ್ರಿ. ಅವತ್ತ ನೀರು ಕುಡದ್ವಲ್ಲ, ಅಲ್ಲೆ."

"ಆ ಊರಾಗ ಬಡಿಗೇರ ಎಷ್ಟು ಮಂದಿ?"

"ಒಬ್ಬನ ರೀ." ದುರುಗಪ್ಪನ ದನಿ ಸಣ್ಣದಾಯಿತು. "ನಮ್ಮ ಪಂಚನಾಮೆಗೆ ಸಹಿ ಹಾಕ್ಯಾನ."

ಮರುದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಕಾಳಪ್ಪನ ಮನೆ ಮುಂದೆ ನಿಂತಿದ್ದರು. ಅಂಗಳದ ಮೂಲೆಯಲ್ಲಿ ಜೋಳದ ಕಣಿಕೆ ಒಟ್ಟಿತ್ತು. ಹುಚ್ಚೀರಪ್ಪ ಕೋಲಿನಿಂದ ಅದನ್ನು ಸರಿಸಿದ. ಕೆಳಗೆ ಹೊಸದಾಗಿ ಕಡಿದ ಬೇವಿನ ಬೊಡ್ಡೆ.

ಕಾಳಪ್ಪ ಒಳಗಿನಿಂದ ಬಂದ. ಬೊಡ್ಡೆಯನ್ನೂ ಅಮೀನರನ್ನೂ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಆ ತಲಿ ಕೆತ್ತಿದಾಂವ ಯಾರು ಕಾಳಪ್ಪ?"

"ನಾನ ರೀ."

"ಮಂಗಳವಾರ ಯಾಕ ಹೇಳಲಿಲ್ಲ?"

"ಕಟಗಿ ಯಾವುದು ಅಂತ ಕೇಳಿದ್ರಿ, ಹೇಳಿದೆ. ಕೆತ್ತಿದಾಂವ ಯಾರು ಅಂತ ಕೇಳಲಿಲ್ರಿ."

ದುರುಗಪ್ಪ ಲಾಠಿ ಎತ್ತಿದ. ಹುಚ್ಚೀರಪ್ಪ ಕಣ್ಣಲ್ಲೇ ತಡೆದ. ತನ್ನ ತನಿಖೆಯ ಲೋಪ ಅದು, ಲಾಠಿಯಿಂದ ಸರಿಹೋಗುವಂಥದ್ದಲ್ಲ.

"ರಾಮಣ್ಣನ್ನ ಯಾವಾಗ ತಂದಿ?"

"ಹೋದ ವಾರದ ಗುರುವಾರ, ಹೊತ್ತು ಮುಳುಗೋ ಮುಂದ. ಕಟಗಿ ಬುಟ್ಟ್ಯಾಗ ಇಟ್ಟುಕೊಂಡು."

"ಈಗ ಎಲ್ಲೈತಿ?"

ಕಾಳಪ್ಪ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಣ್ಣು ದನಿ ಕೇಳಿಸಿತು. "ಇದೊಂದು ತುತ್ತು ನೋಡು. ನೀ ತಿಂದ್ರ ನಾನೂ ತಿಂತೀನಿ."

ಅಮೀನ ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಬಂದು ನಿಂತ. ಗೋಡೆಗೆ ಒರಗಿಸಿದ ಹಲಗೆಯ ಮೇಲೆ ರಾಮಣ್ಣ ಕೂತಿದ್ದ. ಅದನ್ನು ನೋಡಿದ ಮೇಲೆ ಹೊಳಿಯಮ್ಮನ ಮಾತಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಎಷ್ಟೋ ಕೈಗಳ ಎಣ್ಣೆ ಕುಡಿದ ಆ ಮುಖದ ಮುಂದೆ ಬೇವಿನದು ಬರೀ ಹೊಸ ಸಾಮಾನು. ಎದುರಿಗೆ ಎಲುಬಿನ ಹಂದರದಂಥ ಹೆಂಗಸು, ಕಾಳಪ್ಪನ ಹೆಂಡತಿ ಕಸ್ತೂರೆಮ್ಮ, ಮಡಿಲಲ್ಲಿ ರೊಟ್ಟಿಯ ತಾಟು ಇಟ್ಟುಕೊಂಡು ಒಂದು ಚೂರು ಅವನ ತುಟಿಗೆ ಮುಟ್ಟಿಸಿ ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಪೊಲೀಸರಿರುವುದು ಅವಳ ಗಮನಕ್ಕೆ ಬರಲಿಲ್ಲ.

ಹುಚ್ಚೀರಪ್ಪ ಹಿಂದೆ ಸರಿದು ಅಂಗಳದ ಕಟ್ಟೆಯ ಮೇಲೆ ಕೂತ. "ಹೇಳು."

ಕಾಳಪ್ಪ ನಿಂತುಕೊಂಡೇ ಹೇಳಿದ. ಒಬ್ಬನೇ ಮಗ, ಮೌನೇಶ. ಹುಣ್ಣಿಮೆಗೆ ರಾಮಣ್ಣನನ್ನು ದುರ್ಗದಿಂದ ಇಳಿಸುವಾಗ ಮೊದಲ ಹೆಗಲು ವರ್ಷವರ್ಷವೂ ಅವನದೇ. ಲಡಾಯಿಗೆಂದು ಹೋಗಿ ಪಲ್ಟನ್ ಸೇರಿದ. ಹಡಗು ಹತ್ತಿಸಿ ಮಲಯಾಕ್ಕೆ ಕಳಿಸಿದರು. ಅಲ್ಲಿ ಜಪಾನಿನವರು ಬಂದರು. ಆಮೇಲೆ ಸರ್ಕಾರದ ಕಾಗದ ಬಂತು, ಪತ್ತೆಯಿಲ್ಲ ಎಂದು.

"ಸತ್ತಾನ ಅಂದಿದ್ರ ಅತ್ತು ಸುಮ್ಮನಾಗ್ತಿದ್ವಿ ಸಾಹೇಬ್ರ. ಪತ್ತೆಯಿಲ್ಲ ಅಂದ್ರ ಏನು ಮಾಡಬೇಕು? ಆಕೀ ಊಟ ಬಿಟ್ಲು. ರಾಮಣ್ಣನ ಮುಂದ ಕುಂತ್ರ ಅಷ್ಟ ನಾಕು ತುತ್ತು. ಇವನ ತಲಿ ದಿಲ್ಲಿಗೆ ಹೋಗಿ ಹೊಳ್ಳಿ ಬಂದೈತಿ, ನನ್ನ ಮಗ ಬರೂ ದಾರಿ ಇವಗ ಗೊತ್ತೈತಿ ಅಂತಿದ್ಲು. ದಿನಾ ದುರ್ಗ ಹತ್ತಿ ಬುತ್ತಿ ಬಿಚ್ಚತಿದ್ಲು. ಸಂಕ್ರಾಂತಿ ಆದ ಮ್ಯಾಲ ಕಾಲು ಬಿದ್ದು ಹೋದ್ವು."

"ಊರವರನ್ನ ಕೇಳಬೇಕಿತ್ತು."

"ಗಿಡ್ಡಪ್ಪಣ್ಣನ್ನ ಕೇಳಿದೆ. ಹುಣ್ಣಿಮಿಗಲ್ಲದ ಇಳಸಂಗಿಲ್ಲ ಅಂದ. ಅವನದೇನೂ ತಪ್ಪಲ್ರಿ, ಪದ್ಧತಿ ಹಂಗೈತಿ. ಅದಕ್ಕ ನಾನ ಒಂದು ಕೆತ್ತಿ ತಂದು ಮುಂದಿಟ್ಟೆ. ಬದಲಿ ಇಡೂ ವಿಚಾರ ಆವಾಗ ಇರಲಿಲ್ಲ, ದೇವ್ರಾಣಿ. ಆಕೀ ಅದರ ಮೈ ಮುಟ್ಟಿ ನೋಡಿದ್ಲು. ಇವನ್ಯಾಕ ತಂದಿ, ಇವ ಎಲ್ಲಿಗೂ ಹೋಗಿ ಬಂದಾಂವ ಅಲ್ಲ ಅಂದ್ಲು. ಅವತ್ತಿನಿಂದ ನೀರೂ ಬಿಟ್ಲು."

ಅವನು ಟವೆಲ್ಲನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ. "ಮೂರನೇ ದಿನ ನಾ ಬುಟ್ಟಿ ತಗೊಂಡು ಹೋದೆ."

ದುರುಗಪ್ಪ ಯಾವಾಗಲೋ ಲಾಠಿಯನ್ನು ಗೋಡೆಗೆ ಆನಿಸಿಬಿಟ್ಟಿದ್ದ.

ಮಾಲು ಗುರುತಿಸಲು ಹೊಳಿಯಮ್ಮನಿಗೂ ಗಿಡ್ಡಪ್ಪನಿಗೂ ಹೇಳಿಕಳಿಸಿದರು. ಬೀದಿ ತುಂಬ ಮಂದಿ ಕೂಡಿತು. ಗಿಡ್ಡಪ್ಪ ಕಾಳಪ್ಪನ ಎದೆಯಂಗಿ ಹಿಡಿದ. "ನಿನ್ನ ಸಲುವಾಗಿ ನನ್ನ ಮಕ್ಕಳು ಉಪಾಸ ಮಲಗ್ಯಾವು. ಮಂದಿ ನನಗ ಕಳ್ಳ ಅನ್ನಾಕತ್ತಾಗ ಪಂಚನಾಗಿ ನಿಂತು ನೋಡಿದೆಲ್ಲೋ!"

"ತಪ್ಪಾತಣ್ಣ. ಸಾಹೇಬ್ರು ನಿನ್ನ ಬಿಡಲಿಲ್ಲಾಂದ್ರ ಅವತ್ತ ಒಪ್ಪಿಕೊಳ್ತಿದ್ದೆ."

ಗಿಡ್ಡಪ್ಪ ಅಂಗಿ ಬಿಟ್ಟ. ಆದರೆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹೊಳಿಯಮ್ಮ ಒಳಗೆ ಹೋದಳು. ರಾಮಣ್ಣನ ಎಡಗಿವಿಯ ಹಿಂದೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದಳು. "ಇವನ ರೀ." ಆಮೇಲೆ ಕಸ್ತೂರೆಮ್ಮನ ಕಡೆ ನೋಡಿದಳು, ಅವಳ ಮಡಿಲಿನ ತಾಟಿನಲ್ಲಿ ಅರ್ಧ ಉಳಿದಿದ್ದ ರೊಟ್ಟಿ ನೋಡಿದಳು. ಅವಳ ಪಕ್ಕಕ್ಕೆ ಮೆಲ್ಲಗೆ ಕೂತಳು.

"ಸಾಹೇಬ್ರ, ಫಿರ್ಯಾದಿ ಹೊಳ್ಳಿ ತಗೊಳ್ಳಾಕ ಬರ್ತೈತೇನ್ರಿ?"

"ಬರಂಗಿಲ್ಲ ಯವ್ವಾ. ಕಳವು ಕಳವೇ. ಊರು ಒಡೀತಿತ್ತು. ಕಾಳಪ್ಪನ್ನ ನಾ ಒಯ್ಯಬೇಕು."

"ರಾಮಣ್ಣನ್ನ?"

ಹುಚ್ಚೀರಪ್ಪ ಎಲ್ಲವನ್ನೂ ಯೋಚಿಸಿಯೇ ಅಲ್ಲಿಗೆ ಬಂದವನಂತೆ ಮಾತಾಡಿದ. ಯೋಚನೆ ಹುಟ್ಟಿದ್ದು ಮಾತ್ರ ಆ ಹೊಸ್ತಿಲಿನಲ್ಲೇ. "ಜಪ್ತಿ ಮಾಡಿದ ಮಾಲನ್ನ ಕೋರ್ಟಿನ ಹುಕುಂ ಬರೂತನಕ ನಂಬಿಗಸ್ತರ ಸುಪರ್ದಿಗೆ ಕೊಡಾಕ ನನಗ ಅಧಿಕಾರ ಐತಿ. ಫಿರ್ಯಾದಿದಾರಳು ನೀನು. ನಿನ್ನ ಸುಪರ್ದಿಗೆ ಕೊಡ್ತೀನಿ. ಎಲ್ಲಿ ಇಟ್ಟುಕೊಳ್ತಿ, ಹೇಳು. ಬರ್ಕೊಳ್ತೀನಿ."

"ಇಲ್ಲೇ."

ಬೀದಿಯಲ್ಲಿ ಗುಜುಗುಜು ಎದ್ದಿತು. ಮುದಿಯಪ್ಪ ಮುಂದೆ ಬಂದ. "ಅದ್ಹೆಂಗಾಕ್ಕೈತಿ ಹೊಳಿಯಮ್ಮ? ಹುಣ್ಣಿಮಿ ಬರೂತನಕ ದುರ್ಗ ಇಳೀಬಾರ್ದು!"

"ದಿಲ್ಲಿಗೆ ಹೋಗಿ ಬಂದಾಂವಗ ಈ ಓಣಿ ದೂರ ಆತೇನು?" ಹೊಳಿಯಮ್ಮ ಎದ್ದೇಳಲೂ ಇಲ್ಲ. "ಎಣ್ಣಿ ತಿಕ್ಕಾಕಿ ನಾನು. ಹುಣ್ಣಿಮಿತನಕ ಇವನ ಜೋಡಿ ಇಲ್ಲೇ ಇರ್ತೀನಿ. ಆಮ್ಯಾಲ ದಿನಾ ಈಕೀನ್ನ ಹೊತ್ತು ಮ್ಯಾಲ ಒಯ್ಯಾಕ ಊರಾಗ ಹೆಗಲು ಅದಾವು. ಯಾರಿಗೆ ಬ್ಯಾಡ ಅನಸ್ತೈತಿ, ಒಳಗ ಬಂದು ಈಕೀ ತಾಟು ಕಸಗೊಳ್ರಿ."

ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಿಡ್ಡಪ್ಪ ತನ್ನ ಮನೆ ಕಡೆ ಹೊರಟು, ಎಣ್ಣೆಯ ಗಿಂಡಿಯನ್ನು ತಂದು ಹೊಸ್ತಿಲ ಹೊರಗೆ ಇಟ್ಟು ಹೋದ.

ಮಧ್ಯಾಹ್ನ ಒಂದು ಗಂಟೆಗೆ ಕಾಳಪ್ಪನನ್ನು ಬಂಧಿಸಲಾಯಿತು. ಕೆಲಸಕ್ಕೆ ಹೋಗಿ ಬರ್ತೀನಿ ಎಂದು ಅವನು ಹೆಂಡತಿಗೆ ಹೇಳಿದ. ಅವಳು ತಲೆ ಅಲ್ಲಾಡಿಸಿದಳು. ಊರು ದಾಟಿದ ಮೇಲೆ ಅವನೇ ಕೈ ಮುಂದೆ ಮಾಡಿದ. ದುರುಗಪ್ಪ ಬೇಡಿ ಹಾಕಿದ. ಬಿಸಿಲು ಸುಡುತ್ತಿತ್ತು. ಹೊಲದ ಬದುವಿನಲ್ಲಿ ಮೂವರೂ ಹಿಂದೆ ಮುಂದೆ ನಡೆದರು.

"ಸಾಹೇಬ್ರ, ಆ ಬೇವಿನ ತಲಿ ಏನು ಮಾಡ್ತೀರಿ?"

"ಕೋರ್ಟಿನ್ಯಾಗ ಇಡ್ತಾರ."

"ಬಿಸಲಿಗೆ ಇಡಬ್ಯಾಡ್ರಿ. ಹಸಿ ಕಟಗಿ, ಸೀಳ್ತೈತಿ."

ಸಂಜೆ ಠಾಣೆಯಲ್ಲಿ ದುರುಗಪ್ಪ ಬಂಧನದ ವರದಿ ಬರೆದು ಅಮೀನರ ಮುಂದಿಟ್ಟ. ಕಳವಿನ ಉದ್ದೇಶ ಎಂದಿರುವ ಕಡೆ ಎಲ್ಲ ಪ್ರಕರಣಗಳಿಗೂ ಬರೆಯುವಂತೆ 'ಸ್ವಂತ ಲಾಭ' ಎಂದು ಬರೆದಿದ್ದ. ಹುಚ್ಚೀರಪ್ಪ ಅದನ್ನು ಹೊಡೆದುಹಾಕಿ, ಪೆನ್ನನ್ನು ಶಾಯಿಯಲ್ಲಿ ಅದ್ದಿ ತಾನೇ ಬರೆದ.

ಹೆಂಡತಿಗೆ ಊಟ ಮಾಡಿಸಲು.